ಹಾರಾಕಿಯ ಡಾಬು, ಚೌಡವ್ವನ ನಡು

ಚೌಡವ್ವ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತರೆ ಒಳಗಿದ್ದವರಿಗೆ ಅವಳ ಕೊರಳತನಕ ಮಾತ್ರ ಕಾಣುತ್ತಿತ್ತು. ಅಷ್ಟು ಎತ್ತರದ ಹೆಂಗಸು. ತಲೆ ಬಗ್ಗಿಸಿ ಒಳಗೆ ಇಣುಕುತ್ತಿದ್ದಳೇ ಹೊರತು ಹೊಸ್ತಿಲು ದಾಟುತ್ತಿರಲಿಲ್ಲ. ದಾಟಬೇಡ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಪ್ರಸಂಗವೇ ಬಾರದ ಹಾಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಿದ್ದರು. ಹಿರೇಬೆಂಡಿಗೇರಿಯಲ್ಲಿ ನಮ್ಮದು ಮೇಲಿನ ಓಣಿ, ಅವಳದು ಹಳ್ಳದ ಆಚೆಯ ಕೇರಿ. ನಮ್ಮ ಅಪ್ಪ ಬಸವಣ್ಣೆಪ್ಪನ ಹತ್ತಿ ಹೊಲಕ್ಕೆ ಅವಳು ಮೇಸ್ತ್ರಿ. ಮೇಸ್ತ್ರಿ ಎಂದ ಕೂಡಲೇ ಬದುವಿನ ಮೇಲೆ ನಿಂತು ಹುಕುಂ ಮಾಡುವವಳು ಎಂದುಕೊಳ್ಳಬೇಡಿ. ಇಪ್ಪತ್ತು ಹೆಣ್ಣುಮಕ್ಕಳನ್ನು ಕೇರಿಯಿಂದ ಎಬ್ಬಿಸಿ ಕರೆತಂದು, ಅವರ ಮುಂದಿನ ಸಾಲಿನಲ್ಲಿ ತಾನೂ ಬಾಗಿ, ಅವರ ತಪ್ಪಿಗೆ ತಾನು ಬೈಸಿಕೊಳ್ಳುವವಳು ಎಂದು ಅರ್ಥ.

ಅವಳ ತವರು ಹಿರೇಕೆರೂರು ತಾಲೂಕಿನ ಒಂದು ಸಣ್ಣ ಊರು. ಹದಿನೈದಕ್ಕೆ ಮದುವೆಯಾಗಿ ಇಲ್ಲಿಗೆ ಬಂದಳು. ಗಂಡ ಯಲ್ಲಪ್ಪ ಒಳ್ಳೆಯವನಂತೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಇಬ್ಬರೂ ಮಳೆಗಾಲ ಹಿಡಿಯಿತೆಂದರೆ ಹಾನಗಲ್, ಅಕ್ಕಿಆಲೂರು ಕಡೆ ಭತ್ತದ ನಾಟಿಗೆ ಹೋಗುತ್ತಿದ್ದರು. ನಾಟಿ ಎಂದರೆ ಬೆಳಗಿನಿಂದ ಸಂಜೆಯತನಕ ಕೆಸರಿನಲ್ಲಿ ಬಾಗಿರುವುದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ನಾಟಿ ಹಚ್ಚಿದವನಲ್ಲ, ಹಚ್ಚಿಸಿದವನು ಎಂದು ನನ್ನ ಗುಮಾನಿ. ಮಗಳು ಶೇಖವ್ವನಿಗೆ ಮೂರು ವರ್ಷ ತುಂಬುವಾಗ ಯಲ್ಲಪ್ಪ ಕಾಮಾಲೆಯಾಗಿ ತೀರಿಕೊಂಡ. ಅದೇ ವರ್ಷ, ಎಪ್ಪತ್ತಾರರಲ್ಲಿ, ನಮ್ಮ ಹೊಲಕ್ಕೆ ಹೈಬ್ರೀಡ್ ಹತ್ತಿ ಬೀಜದ ಕೆಲಸ ಬಂತು. ನಾಟಿ ಬಿಟ್ಟು ಚೌಡವ್ವ ಅದಕ್ಕೆ ಬಂದಳು. ಕೆಸರು ತಪ್ಪಿತು, ಬಾಗುವುದು ತಪ್ಪಲಿಲ್ಲ.

ಆ ಕೆಲಸಕ್ಕೆ ಜನ ಕ್ರಾಸಿಂಗ್ ಎಂದೇ ಅನ್ನುತ್ತಿದ್ದರು. ಕೆಲಸ ಹೀಗೆ: ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆಯೇ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಅದರ ಪಕಳೆಯನ್ನೂ ಒಳಗಿನ ಗಂಡು ಕೇಸರವನ್ನೂ ಸುಲಿದು ತೆಗೆಯಬೇಕು. ನಡುವಿನ ಹೆಣ್ಣು ಕಡ್ಡಿಗೆ ಒಂದು ಗೀರೂ ಬೀಳಬಾರದು. ಸುಲಿದ ಮೊಗ್ಗಿಗೆ ಕೆಂಪು ಹಾಳೆಯ ಟೊಪ್ಪಿಗೆ. ಮರುದಿನ ಬಿಸಿಲು ಏರಿದ ಮೇಲೆ, ಪಕ್ಕದ ಪಟ್ಟಿಯಲ್ಲಿ ಬಿತ್ತಿದ ಬೇರೆ ತಳಿಯಿಂದ ಗಂಡು ಹೂ ಕಿತ್ತು ತಂದು, ಟೊಪ್ಪಿಗೆ ತೆಗೆದು, ಆ ಕಡ್ಡಿಗೆ ಹೂವಿನ ಹಿಟ್ಟು, ಎಂದರೆ ಪರಾಗ, ಸವರಬೇಕು. ಹನ್ನೆರಡು ಗಂಟೆಯೊಳಗೆ ಸವರದಿದ್ದರೆ ಮೊಗ್ಗು ಉದುರಿತು. ಸಂಜೆ ಸುಲಿಯದೆ ಬಿಟ್ಟ ಮೊಗ್ಗು ಬೆಳಿಗ್ಗೆ ತಾನಾಗಿ ಅರಳಿದರೆ ಅದನ್ನು ಕಿತ್ತೊಗೆಯಬೇಕು, ಇಲ್ಲವಾದರೆ ಬೀಜ ಬೆರಕೆ. ಎರಡು ತಿಂಗಳು ಒಂದು ದಿನದ ಬಿಡುವಿಲ್ಲ. ಹೂವಿಗೆ ರವಿವಾರವೂ ಗೊತ್ತಿಲ್ಲ, ಅಮಾವಾಸ್ಯೆಯೂ ಗೊತ್ತಿಲ್ಲ.

ಹತ್ತಿ ಗಿಡ ಟೊಂಕದ ಎತ್ತರ. ಗಿಡ್ಡ ಹುಡುಗಿಯರು ನಿಂತಲ್ಲೇ ಕೆಲಸ ಮಾಡುತ್ತಾರೆ. ಅದಕ್ಕೇ ಹೊಲದ ಯಜಮಾನರಿಗೆ ಹನ್ನೆರಡು ಹದಿಮೂರರ ಹುಡುಗಿಯರೆಂದರೆ ಬಲು ಪ್ರೀತಿ. ಸಣ್ಣ ಬೆರಳು, ನೋಯದ ಬೆನ್ನು. ನಮ್ಮ ಅಪ್ಪನಿಗೂ ಆ ಪ್ರೀತಿ ಇತ್ತು, ಮುಚ್ಚಿಡುವುದೇಕೆ. ಚೌಡವ್ವ ಮಾತ್ರ ಒಂದೊಂದು ಮೊಗ್ಗಿಗೂ ಬಾಗಬೇಕು. ದಿನಕ್ಕೆ ಸಾವಿರ ಮೊಗ್ಗು, ಹತ್ತು ಹಂಗಾಮು. ದೇವರು ಆ ಎತ್ತರ ಕೊಟ್ಟು ಅವಳನ್ನು ಹತ್ತಿ ಹೊಲಕ್ಕೆ ಕಳಿಸಿದ್ದು ಯಾವ ಸೇಡಿಗೋ ನನಗಂತೂ ತಿಳಿದಿಲ್ಲ. ಆದರೂ ಅವಳ ಸಾಲಿನಲ್ಲಿ ಬೆರಕೆ ಹೂ ಒಂದೂ ಸಿಗುತ್ತಿರಲಿಲ್ಲ. ಬೀಜದ ಕಂಪನಿಯವರು ಹೇಳದೆ ಕೇಳದೆ ಬಂದು ತಪಾಸಣೆ ಮಾಡಿದಾಗ ಅಪ್ಪ ಅವರನ್ನು ಮೊದಲು ಅವಳ ಸಾಲಿಗೇ ಕರೆದೊಯ್ಯುತ್ತಿದ್ದ. ಚೌಡವ್ವ ಆಗುತ್ತದೆ ಎಂದರೆ ಆಯಿತು, ಆಗುವುದಿಲ್ಲ ಎಂದರೆ ಇಲ್ಲ. ಅವಳ ಮಾತಿಗೆ ನಮ್ಮ ಓಣಿಯಲ್ಲೂ ಬೆಲೆ ಇತ್ತು.

ಎಂಬತ್ತೈದರ ದೀಪಾವಳಿಗೆ ಅಪ್ಪ ಹುಬ್ಬಳ್ಳಿಯಿಂದ ಟೀವಿ ತಂದ. ಕಪ್ಪು ಬಿಳುಪಿನದು, ಮುಚ್ಚಲು ಬಾಗಿಲಿದ್ದ ಪೆಟ್ಟಿಗೆ. ಸವಣೂರಿನ ಮಲ್ಲಿಕಸಾಬ ಬಂದು ಮಾಳಿಗೆಯ ಮೇಲೆ ಎರಡು ಬಿದಿರು ಜೋಡಿಸಿ ಆಂಟೆನಾ ನಿಲ್ಲಿಸಿದ. ಮೊದಲ ತಿಂಗಳು ಊರಿನ ಗಂಡಸರೆಲ್ಲ ಬಂದು ಸುದ್ದಿ ನೋಡಿದರು, ತಿಳಿಯದೆ ಬೇಜಾರಾಗಿ ಹೋದರು. ಆಮೇಲೆ ಎಂಬತ್ತಾರರ ಬೇಸಿಗೆಯಲ್ಲಿ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಕಾರ್ಟೂನು ಶುರುವಾಯಿತು. ಯಾವುದೋ ದೂರದ ದೇಶದ್ದು, ಹಿಂದಿಯಲ್ಲಿ ಮಾತಾಡಿಸಿದ್ದು. ಅದರ ಹೆಸರು ಉಚ್ಚರಿಸಲು ನಮಗ್ಯಾರಿಗೂ ಬರುತ್ತಿರಲಿಲ್ಲ. ಕಥೆಯ ನಾಯಕಿ ದಿನವಿಡೀ ಒಂದು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಎಲ್ಲಾದರೂ ಅನಾಹುತವಾದರೆ ಮೊಳೆಗೆ ನೇತುಹಾಕಿದ ಪಟ್ಟಿಯನ್ನು ನಡುವಿಗೆ ಬಿಗಿದು ಹಾರುತ್ತಾಳೆ. ಹಾರುವವಳಾದ್ದರಿಂದ ಊರು ಅವಳಿಗೆ ಹಾರಾಕಿ ಎಂದು ಹೆಸರಿಟ್ಟಿತು. ಆ ಪಟ್ಟಿಗೆ ಡಾಬು ಎಂದರು, ಮದುವೆಯಲ್ಲಿ ನಮ್ಮ ಹೆಣ್ಣುಮಕ್ಕಳು ನಡುವಿಗೆ ಕಟ್ಟುತ್ತಾರಲ್ಲ, ಬೆಳ್ಳಿಯದು, ಅದರ ಹೆಸರು.

ಕೇರಿಯ ಹೆಂಗಸರಿಗೆ ಇದನ್ನು ತಂದು ಮುಟ್ಟಿಸಿದವಳು ಶಾಕೀರಾ. ಸವಣೂರಿನಿಂದ ಮದುವೆಯಾಗಿ ಬಂದವಳು, ಚೌಡವ್ವನ ತಂಡದಲ್ಲೇ ದುಡಿಯುತ್ತಿದ್ದಳು. ಮನೆಮಾತು ಉರ್ದು ಆದ್ದರಿಂದ ಹಿಂದಿ ಅವಳಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಅವಳೇ ಹೇಳುತ್ತಿದ್ದಳು. ಒಂದು ರವಿವಾರ ಇಬ್ಬರು ಬಂದರು, ಮುಂದಿನ ವಾರ ಎಂಟು ಜನ, ಮೂರನೆಯ ವಾರ ಅಂಗಳ ತುಂಬಿತು. ಎಲ್ಲರೂ ಹೊರಗೆ ಕೂತು ಬಾಗಿಲಿನಿಂದ ಇಣುಕುವವರು. ನಮ್ಮವ್ವ ವೀರವ್ವ ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಟೀವಿಯ ಮೇಜನ್ನೇ ಎಳೆದು ಬಾಗಿಲ ಕಡೆ ತಿರುಗಿಸಿದಳು. ಅಷ್ಟು ಧೈರ್ಯ ಅವಳದು. ಅದಕ್ಕಿಂತ ಹೆಚ್ಚಿನದನ್ನು ನಾನೂ ಆಗ ಯೋಚಿಸಲಿಲ್ಲ. ನನಗೆ ಹದಿಮೂರು, ಶೇಖವ್ವನಿಗೂ ಹದಿಮೂರು, ಇಬ್ಬರೂ ಏಳನೆಯ ತರಗತಿ. ಶಾಲೆಯಲ್ಲಿ ಒಂದೇ ಬೆಂಚು. ರವಿವಾರ ನಾನು ಹೊಸ್ತಿಲ ಒಳಗೆ, ಅವಳು ಹೊರಗೆ, ನಡುವೆ ಒಂದು ಗೇಣು.

ಹಾರಾಕಿಯ ಹುಚ್ಚು ಹೇಗೆ ಹಿಡಿಯಿತೆಂದರೆ, ಹುಡುಗಿಯರು ಜಗಳದಲ್ಲಿ ಹಾರಾಕಿಯ ಆಣೆ ಹಾಕತೊಡಗಿದರು. ಅವಳ ಮೈಮೇಲಿನ ಬಟ್ಟೆ ಯಾವ ಬಣ್ಣದ್ದೆಂದು ವಾರಗಟ್ಟಲೆ ವಾದವಾಯಿತು. ಕಪ್ಪು ಬಿಳುಪಿನ ಪೆಟ್ಟಿಗೆಯಲ್ಲಿ ಯಾರು ಹೇಳಬೇಕು. ಕೊನೆಗೆ ಗಿಳಿಹಸಿರು ಎಂದು ತೀರ್ಮಾನ ಮಾಡಿದರು. ಮುದುಕಿ ಉಡಚವ್ವ ಒಂದು ದಿನ ಎದ್ದು ಬಂದು ಹೊಸ್ತಿಲಾಚೆಯಿಂದಲೇ ಕೈ ಚಾಚಿ ಟೀವಿಯ ಗಾಜಿಗೆ ಕುಂಕುಮ ಹಚ್ಚಿಯೇಬಿಟ್ಟಳು. ಅವ್ವ ಸೀಮೆಎಣ್ಣೆ ಹಾಕಿ ಒರೆಸುತ್ತ ಅರ್ಧ ದಿನ ಗೊಣಗಿದಳು. ಕರೆಂಟು ಹೋದರೆ ಶಾಕೀರಾ ಕಟ್ಟೆಯ ಮೇಲೆ ಕೂತು ಆ ವಾರದ ಕಥೆ ತಾನೇ ಹೇಳುತ್ತಿದ್ದಳು. ಟೀವಿಗಿಂತ ಅವಳದೇ ಚೆನ್ನಾಗಿರುತ್ತಿತ್ತು.

ಯಾರಿಗೆ ಅವಳಲ್ಲಿ ಏನು ಇಷ್ಟವೆಂದು ನಾನು ಕೇಳಿ ಇಟ್ಟುಕೊಂಡಿದ್ದೇನೆ. ಹುಡುಗಿಯರಿಗೆ ಹಾರುವುದು. ಶಾಕೀರಾಗೆ, ಹೊತ್ತು ಮುಳುಗಿ ಮನೆಗೆ ಬಂದರೂ ಎಲ್ಲಿ ಹೋಗಿದ್ದೆ ಎಂದು ಯಾರೂ ಕೇಳದಿರುವುದು. ನಮ್ಮವ್ವನದು ಒಂದೇ ಪ್ರಶ್ನೆ, ಆ ಹುಡುಗಿಗೆ ಅಡುಗೆ ಯಾರು ಮಾಡುತ್ತಾರೆ ಎಂದು. ಚೌಡವ್ವನಿಗೆ ಹಾರುವುದೂ ಬೇಡ, ಬಡಿದಾಟವೂ ಬೇಡ. ಅದು ನಡೆಯುವಾಗ ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿರುತ್ತಿದ್ದಳು. ಪ್ರತಿ ವಾರ ಕಥೆ ಮುಗಿದಾಗ ಹಾರಾಕಿ ಮನೆಗೆ ಬಂದು, ಡಾಬು ಬಿಚ್ಚಿ ಮೊಳೆಗೆ ಹಾಕಿ, ಹಾಸಿಗೆಗೆ ಬೀಳುತ್ತಾಳೆ. ಅವಳು ಮಲಗಿರುವಾಗಲೇ ಮೇಲೆ ಹೆಸರುಗಳು ಹರಿದು ಹೋಗುತ್ತವೆ. ಆಗ ಶೇಖವ್ವ ತಾಯಿಯ ಮೊಣಕೈ ತಿವಿಯಬೇಕು. ಚೌಡವ್ವ ಕಣ್ಣು ತೆರೆದು ಆ ಮಲಗಿದವಳನ್ನು ಹೆಸರುಗಳು ಮುಗಿಯುವವರೆಗೂ ನೋಡುತ್ತಿದ್ದಳು.

"ಯಾರೂ ಎಬ್ಬಸೂದಿಲ್ಲ ನೋಡ್ರಿ ಅವ್ವಾರ," ಎಂದು ಒಮ್ಮೆ ನಮ್ಮವ್ವನಿಗೆ ಹೇಳಿದಳು. "ಅಷ್ಟ ಮಂದಿನ್ನ ಉಳಿಸಿ ಬಂದಾಳ, ಮಲಗಲಿ ಅಂತ ಬಿಟ್ಟಾರ."

ಆಗಸ್ಟಿನಲ್ಲಿ ಕ್ರಾಸಿಂಗ್ ಶುರುವಾಯಿತು. ರವಿವಾರ ಹತ್ತು ಗಂಟೆಗೆ ಹಾರಾಕಿ, ಹನ್ನೆರಡರೊಳಗೆ ಹೂವು. ಹೆಂಗಸರು ಮುಖ ಬಾಡಿಸಿಕೊಂಡು ಚೌಡವ್ವನ ಕಡೆ ನೋಡಿದರು. ಅವಳು ಒಂದು ಹೂಟ ಹೂಡಿದಳು. ಬಿಸಿಲು ಏರದೆ ಗಂಡು ಹೂ ಹಿಟ್ಟು ಬಿಡುವುದಿಲ್ಲ. ಹಾಗಾದರೆ ಹೂವನ್ನೇ ಬಿಸಿಲಿಗೆ ಒಯ್ದರಾಯಿತು. ರವಿವಾರ ಬೆಳಕು ಹರಿಯುತ್ತಲೇ ಇಬ್ಬರನ್ನು ಕರೆದುಕೊಂಡು ಹೋಗಿ ಗಂಡು ಹೂ ಕಿತ್ತು, ಮೊರದಲ್ಲಿ ಹರವಿ, ನಮ್ಮ ಬಾವಿಯ ಹತ್ತಿರದ ಬಂಡೆಯ ಮೇಲೆ ಎಳೆಬಿಸಿಲಿಗೆ ಇಡುತ್ತಿದ್ದಳು. ಹೊಲದಲ್ಲಿ ಇಬ್ಬನಿ ಆರುವ ಮೊದಲೇ ಮೊರದಲ್ಲಿನ ಹೂ ಹಿಟ್ಟು ಬಿಡುತ್ತಿತ್ತು. ಎಂಟಕ್ಕೆ ಶುರು ಮಾಡಿ ಅರ್ಧ ಹೊಲ ಮುಗಿಸಿ, ಎಲ್ಲರೂ ಸೀರೆ ಎತ್ತಿ ಕಟ್ಟಿಕೊಂಡು ಓಡಿ ಬಂದು, ಅರ್ಧ ತಾಸು ನೋಡಿ, ಮತ್ತೆ ಓಡುವುದು. ಅಪ್ಪ ಮೊದಲು ಹುಬ್ಬು ಗಂಟಿಕ್ಕಿದ. ಎರಡು ರವಿವಾರ ಎಣಿಸಿ ನೋಡಿ ಒಂದು ಮೊಗ್ಗೂ ಕೆಟ್ಟಿಲ್ಲವೆಂದ ಮೇಲೆ ಸುಮ್ಮನಾದ.

ಚೌಡವ್ವನ ನಡು ಮಾತ್ರ ಸುಮ್ಮನಾಗಲಿಲ್ಲ. ಆ ವರ್ಷ ಆಗಸ್ಟ್ ಕೊನೆಗೆ ಒಂದು ಸಂಜೆ ಸಾಲಿನ ನಡುವೆ ಬಾಗಿದವಳು ಮೇಲೆ ಏಳಲಾಗದೆ ಹಾಗೇ ನಿಂತಳು. ಇಬ್ಬರು ಹಿಡಿದು ನೆಟ್ಟಗೆ ಮಾಡಿದರು. ಶಿಗ್ಗಾಂವಿಯ ಡಾಕ್ಟರು ನೋಡಿ ಒಂದು ಬಾಟಲಿ ಟಾನಿಕ್ಕು ಬರೆದು ವಿಶ್ರಾಂತಿ ತೆಗೆದುಕೋ ಎಂದರಂತೆ. ಆ ವಿಶ್ರಾಂತಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಇವಳು ಕೇಳಿದಳಂತೆ. ಇದನ್ನು ಹೇಳಿ ಹೆಂಗಸರೆಲ್ಲ ನಕ್ಕರು. ಚೌಡವ್ವ ನಗಲಿಲ್ಲ. ನಗುವುದಕ್ಕೂ ಕಸುವು ಬೇಕಲ್ಲ. ನಲವತ್ತರ ಆಸುಪಾಸಿನ ಹೆಂಗಸು, ನೋಡಿದರೆ ಅರವತ್ತು. ಮಧ್ಯಾಹ್ನ ರೊಟ್ಟಿ ಬಾಯಿಗಿಟ್ಟುಕೊಂಡು ಅಗಿಯುವುದನ್ನು ಮರೆತು ಕೂತಿರುತ್ತಿದ್ದಳು.

ಆಗಲೇ ಅಪ್ಪ ಆ ಮಾತು ತೆಗೆದ. ಕೆಟ್ಟವನಾಗಿ ಅಲ್ಲ, ಉಪಕಾರ ಮಾಡುವ ಧಾಟಿಯಲ್ಲೇ ತೆಗೆದ, ಅದೇ ನನಗೆ ಈಗ ಹೆಚ್ಚು ನೋವು. ಶೇಖವ್ವ ಚುರುಕು, ಲೆಕ್ಕ ಬರುತ್ತದೆ, ಹೆಸರು ಬರೆಯಲು ಬರುತ್ತದೆ, ಮೇಸ್ತ್ರಿ ಕೆಲಸ ಅವಳಿಗೆ ಕೊಡು, ನೀನು ಮನೆಯಲ್ಲಿರು. ಏಳನೆಯದು ಮುಗಿಸಿ ಅವಳೇನು ಕಚೇರಿಗೆ ಹೋಗಬೇಕಾಗಿದೆಯೇ. ಚೌಡವ್ವ ಮೊದಲ ವಾರ ಎಂದಿನಂತೆ ಹೊಲಕ್ಕೆ ಹೋದಳು. ಎರಡನೆಯ ವಾರ ಹೂಂ ಎಂದಳು. ಶೇಖವ್ವನಂತೂ ಹಿಗ್ಗಿದಳು. ಇಪ್ಪತ್ತು ಜನರ ಮೇಲೆ ಮೇಸ್ತ್ರಿ! ಸಪ್ಟೆಂಬರಿನ ಆ ವಾರವೇ ಶಾಲೆಗೆ ಬರುವುದನ್ನು ಬಿಟ್ಟು ತಾಯಿಯ ಹಿಂದೆ ಸಾಲು ಕಲಿಯಲು ಹೋದಳು. ನನ್ನ ಬೆಂಚಿನಲ್ಲಿ ಅವಳ ಜಾಗ ಖಾಲಿಯಾಯಿತು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚೇ ಆಯಿತು ಎಂದರೆ ನಂಬುತ್ತೀರಾ?

ಅದೇ ವಾರ ಹಾರಾಕಿಯ ಕಥೆಯೂ ಕೊನೆಗೆ ಬಂದಿತ್ತು. ಹಿಂದಿನ ರವಿವಾರ ಅವಳು ಸೋತು ಮನೆಗೆ ಬಂದು, ಡಾಬು ಬಿಚ್ಚಿ ಮೊಳೆಗೆ ಹಾಕಿ, ಇನ್ನು ಸಾಕು ಎಂದಿದ್ದಳು. ಮುಂದಿನ ವಾರ ಮುಕ್ತಾಯ ಎಂದು ಟೀವಿಯವರು ಹೇಳಿದ್ದನ್ನು ಶಾಕೀರಾ ಕನ್ನಡ ಮಾಡಿ ಸಾರಿದಳು. ಹೊಲದಲ್ಲಿ ಆರು ದಿನವೂ ಅದೇ ಚರ್ಚೆ, ಅವಳು ಮತ್ತೆ ಕಟ್ಟುತ್ತಾಳೋ ಇಲ್ಲವೋ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಎರಡು ಪಕ್ಷವಾಯಿತು. ಹುಡುಗಿಯರೆಲ್ಲ ಕಟ್ಟಬೇಕು ಎನ್ನುವವರು, ಶೇಖವ್ವ ಅವರ ಮುಂದಾಳು. ಚೌಡವ್ವ ಯಾವತ್ತೂ ಇಂಥದಕ್ಕೆ ಬಾಯಿ ಹಾಕಿದವಳಲ್ಲ, ಆ ಸಲ ಹಾಕಿದಳು. ಕಟ್ಟಬಾರದು, ಅಕಿಗೆ ಸಾಕಾಗೇತಿ, ಮಲಗಲಿ ಎಂದಳು. ಅದು ಯಾರ ಮಾತು ಎಂದು ತಿಳಿಯದಷ್ಟು ದಡ್ಡರು ಆ ಹೊಲದಲ್ಲಿ ಯಾರೂ ಇರಲಿಲ್ಲ.

ಶನಿವಾರ ಮೋಡ ಮುಚ್ಚಿತು. ಮರುದಿನ ಬಿಸಿಲಿರುವುದಿಲ್ಲ, ಬಂಡೆಯ ಮೇಲಿನ ಹೂಟ ನಡೆಯುವುದಿಲ್ಲ. ಗಂಡು ಹೂ ಹಿಟ್ಟು ಬಿಡುವುದೇ ಹತ್ತೂವರೆಗೆ, ಆಮೇಲೆ ಹನ್ನೆರಡರೊಳಗೆ ಇಡೀ ಹೊಲ ಸವರುವುದು ಯಾರಿಂದಲೂ ಆಗದ ಮಾತು. ಮಧ್ಯಾಹ್ನ ಚೌಡವ್ವ ನಮ್ಮ ಕಟ್ಟೆಯ ಹತ್ತಿರ ಬಂದು ನಿಂತಳು. ಹತ್ತು ವರ್ಷದಲ್ಲಿ ತನಗಾಗಿ ಏನೂ ಕೇಳದವಳು ಕೇಳಿದಳು: ಇವತ್ತು ಸಂಜೆ ಅರ್ಧ ಸಾಲಷ್ಟೇ ಸುಲಿಯುತ್ತೇವೆ, ಉಳಿದರ್ಧ ನಾಳೆ ಅರಳಿದಂತೆ ಕಿತ್ತೊಗೆಯುತ್ತೇವೆ, ಒಂದು ದಿನದ ಅರ್ಧ ಹೂ ಹೋಗುತ್ತದೆ, ನಾಳೆ ಮುಕ್ತಾಯ ನೋಡಲು ಬಿಡಿ. ಬೇರೆ ಮೇಸ್ತ್ರಿಯಾದರೆ ಸುಲಿಯದ ಮೊಗ್ಗಿಗೂ ಕೆಂಪು ಟೊಪ್ಪಿಗೆ ಹಾಕಿ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಇವಳು ಮೊದಲೇ ಹೇಳಿ ಕೇಳಿದಳು.

ಅಪ್ಪ ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟ. ಆಮೇಲೆ, ಸೋಮವಾರದಿಂದ ಶೇಖವ್ವ ಮೇಸ್ತ್ರಿಯಾಗಿ ಬರುವುದು ಗಟ್ಟಿ ತಾನೇ ಎಂದು ಕೇಳಿದ. ಗಟ್ಟಿ ಎಂದಳು. ಹಾಗಾದರೆ ನೋಡು ಹೋಗು, ನಿನ್ನ ಕಡೆಯ ರವಿವಾರ ಎಂದ. ಇಬ್ಬರಿಗೂ ಸಮಾಧಾನವಾಯಿತು. ನಾನು ಒಳಗಿನಿಂದ ಕೇಳಿಸಿಕೊಂಡೆ, ನನಗೂ ಸಮಾಧಾನವೇ.

ರವಿವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಊರಿನಿಂದಲೂ ನಾಲ್ಕು ಹೆಂಗಸರು ನಡೆದು ಬಂದಿದ್ದರು. ಚೌಡವ್ವ ಅಂದು ಗೋಡೆಗೆ ಒರಗಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಕಥೆಯಲ್ಲಿ ನದಿ ಉಕ್ಕಿ ಊರಿಗೆ ನುಗ್ಗುತ್ತಿತ್ತು. ಹಾರಾಕಿ ಹಾಸಿಗೆಯಲ್ಲಿ ಕೂತಿದ್ದಾಳೆ, ಏಳಲು ಆಗುತ್ತಿಲ್ಲ. ಯಾರೋ ಬಾಗಿಲು ಬಡಿದರು. ತೆಗೆದರೆ ಪಕ್ಕದ ಮನೆಯ ಹುಡುಗಿ, ಎರಡು ಜಡೆಯವಳು. ಹಾರಾಕಿ ಅವಳನ್ನು ಒಳಗೆ ಕರೆದು, ಮೊಳೆಯಿಂದ ಡಾಬು ತೆಗೆದು ಅವಳ ನಡುವಿಗೆ ಕಟ್ಟಿದಳು. ದೊಡ್ಡದಾಯಿತು. ಹೊಲಿಗೆ ಅಂಗಡಿಯ ದಬ್ಬಳ ತಂದು ಹೊಸ ತೂತು ಕೊರೆದು ಬಿಗಿದಳು. ಇನ್ನು ನಿನ್ನ ಸರದಿ ಎಂದಳು. ಹುಡುಗಿ ಕಿಟಕಿಯಿಂದ ಹಾರಿದಳು, ನದಿ ನಿಂತಿತು, ಊರು ಉಳಿಯಿತು. ಹಾರಾಕಿ ನಗುತ್ತ ಹಾಸಿಗೆಗೆ ಒರಗಿ ನಿದ್ದೆ ಹೋದಳು. ಅವಳ ಮೇಲೆ ಹೆಸರುಗಳು ಹರಿಯತೊಡಗಿದವು.

ಅಂಗಳವೆಲ್ಲ ಚಪ್ಪಾಳೆ. ಕಟ್ಟಬೇಕು ಎಂದವರೂ ಗೆದ್ದರು, ಮಲಗಲಿ ಎಂದವರೂ ಗೆದ್ದರು. ಉಡಚವ್ವ ಕಣ್ಣೊರೆಸಿಕೊಂಡಳು. ನಾನು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನನ್ನ ಮುಂದೆ ಒಂದು ಗೇಣಿನ ಆಚೆ ಶೇಖವ್ವ ಎದ್ದು ನಿಂತು, ಎರಡೂ ಕೈ ತನ್ನ ನಡುವಿನ ಮೇಲಿಟ್ಟುಕೊಂಡು ನಗುತ್ತಿದ್ದಳು. ಚೌಡವ್ವ ಟೀವಿ ನೋಡುತ್ತಿರಲಿಲ್ಲ. ಮಗಳನ್ನು ನೋಡುತ್ತಿದ್ದಳು.

ಹೆಸರುಗಳು ಮುಗಿದ ಮೇಲೆ ಅವಳು ಶಾಕೀರಾಳನ್ನು ಕೇಳಿದಳು. "ಆ ಹುಡುಗಿ ಏನಂದ್ಲ?"

"ಏನೂ ಅನ್ನಲಿಲ್ಲಬೇ. ನಕ್ಕೋಂತ ಹಾರಿ ಹೋದ್ಲು."

"ನಗದ ಏನ್ ಮಾಡೀತು. ಸಣ್ಣದು. ಹೊಸಾದು ಕಟ್ಟಿದ್ರ ನಗತೈತಿ." ಚೌಡವ್ವ ಕೈಯೂರಿ ಎದ್ದಳು. ಏಳಲು ಮೂರು ಸಲ ಪ್ರಯತ್ನ ಮಾಡಬೇಕಾಯಿತು. "ಅದರ ನಡಕ್ಕ ಕಟ್ಟಿ, ಇಕಿಗೆ ನಿದ್ದಿ ಹೆಂಗ ಬಂತು?"

ಶಾಕೀರಾ ಯಾವ ಪ್ರಶ್ನೆಗೂ ಉತ್ತರ ಹುಟ್ಟಿಸುವವಳು, ಅಂದು ಸೀರೆ ಎತ್ತಿ ಕಟ್ಟಿಕೊಳ್ಳತೊಡಗಿದಳು.

ಹೆಂಗಸರು ಹೊಲದ ಕಡೆ ಓಡಿದರು, ಅರ್ಧ ಹೊಲದ ಹೂ ಕಾಯುತ್ತಿತ್ತು. ಚೌಡವ್ವ ಓಡಲಿಲ್ಲ. ಕಟ್ಟೆಯ ಮುಂದೆ ಬಂದಳು. ಅಪ್ಪ ಹೇಗಿತ್ತು ಮುಕ್ತಾಯ ಎಂದು ನಗುತ್ತ ಕೇಳಿದ.

"ಸಾವ್ಕಾರ್ರ, ಶೇಖವ್ವ ಬರೂದಿಲ್ರಿ," ಎಂದಳು. "ನಾಳೆ ಸಾಲಿ ಕಲಿಯಾಕ ಹೊಕ್ಕಾಳ. ಹೊಲಕ್ಕ ನಾನ ಬರ್ತೇನಿ."

ಅಪ್ಪನ ಮುಖದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ನಿನ್ನೆ ಗಟ್ಟಿ ಎಂದವಳು ಇವತ್ತು ಇಲ್ಲ ಎನ್ನುವುದೆಂದರೇನು, ಅರ್ಧ ಹೊಲದ ಹೂ ಅದಕ್ಕೇ ಬಿಟ್ಟದ್ದು ಎಂದ. ಹತ್ತು ವರ್ಷದಲ್ಲಿ ನಿನ್ನ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ ಎಂದ. ಅದು ಅವಳಿಗೆ ಎಲ್ಲಿ ತಾಗುತ್ತದೆಂದು ಅವನಿಗೆ ಗೊತ್ತಿತ್ತು.

"ಮಾತು ಆಡಿದರ ಹೋತು, ಮುತ್ತು ಒಡದರ ಹೋತು, ಚೌಡವ್ವ."

"ಹೌದ್ರಿ. ಒಡದದ್ದು ನನ್ನ ಮುತ್ತರಿ," ಎಂದಳು. "ಮಾತ ನಂದಿತ್ತು, ಕೊಟ್ನಿ. ಅದಕ್ಕ ಬಾಗೂ ನಡಾ ಅಕಿದಿತ್ತು. ಅದನ್ನ ಕೊಡಾಕ ನಾ ಯಾರ್ರಿ?"

ಬೇರೆ ಮೇಸ್ತ್ರಿಯನ್ನು ಹುಡುಕುತ್ತೇನೆ ಎಂದು ಅಪ್ಪ ಗುಡುಗಿದ. ಹುಡುಕ್ರಿ ಎಂದು ಹೇಳಿ, ಸೆರಗು ತಲೆಗೆ ಸುತ್ತಿಕೊಂಡು ಅವಳು ಹೊಲಕ್ಕೆ ನಡೆದಳು. ಹಂಗಾಮಿನ ನಡುವೆ ಎಲ್ಲಿ ಸಿಗುತ್ತಾಳೆ ಇನ್ನೊಬ್ಬಳು. ಅಪ್ಪ ಆಮೇಲೆ ಆ ಮಾತು ತೆಗೆಯಲಿಲ್ಲ. ಆದರೆ ಅವಳು ಏನಾದರೂ ಆಗುತ್ತದೆ ಎಂದರೆ ಅಂದಿನಿಂದ ಎರಡು ಸಲ ಕೇಳುತ್ತಿದ್ದ. ಅದನ್ನು ಅವಳು ಕೊನೆಯತನಕ ಸಹಿಸಿದಳು.

ಅವಳಿಗೆ ಅದಕ್ಕಿಂತ ಕಠಿಣವಾದದ್ದು ಶೇಖವ್ವನ ಕಡೆಯಿಂದ ಬಂತು. ಸಂಜೆ ಹಳ್ಳದ ದಾರಿಯಲ್ಲಿ, ತಂಡದ ಅಷ್ಟೂ ಜನರ ಎದುರಿಗೆ, ಮಗಳು ತಾಯಿಯ ಮೇಲೆ ಕೂಗಾಡಿದಳು. ನಿನಗೆ ಮೇಸ್ತ್ರಿಗಿರಿ ಬಿಡಲು ಮನಸ್ಸಿಲ್ಲ, ಹೊಟ್ಟೆಕಿಚ್ಚು, ಎಲ್ಲರ ಮುಂದೆ ನನ್ನ ಮೂಗು ಕೊಯ್ದೆ ಎಂದು ಅತ್ತಳು. ಶಾಕೀರಾ ಆಮೇಲೆ ಹೇಳಿದ್ದು: ಚೌಡವ್ವ ಒಂದು ಕೈ ನಡುವಿನ ಮೇಲಿಟ್ಟುಕೊಂಡು ಮಗಳ ಹಿಂದೆ ಹಿಂದೆ ನಡೆದಳು.

ಚೌಡವ್ವ ಆಮೇಲೆ ಇನ್ನೂ ಮೂರು ಹಂಗಾಮು ಮಾಡಿದಳು, ಎಂಬತ್ತೊಂಬತ್ತರವರೆಗೆ. ಆ ಮೂರನ್ನೂ ಹೇಗೆ ಮಾಡಿದಳು ಎಂಬುದನ್ನು ನಾನು ಮೊದಲು ನೋಡಿದ್ದು ಆ ರವಿವಾರದ ಮರುದಿನ.

ನಮ್ಮ ಶಾಲೆ ಏರಿನ ಮೇಲಿತ್ತು. ಏಳನೆಯ ತರಗತಿಯ ಕಿಟಕಿಯಿಂದ ಕೆಳಗೆ ನಮ್ಮ ಹತ್ತಿ ಹೊಲ ಕಾಣುತ್ತಿತ್ತು. ಶೇಖವ್ವ ಬಂದಳು, ಕಣ್ಣು ಊದಿತ್ತು. ನನ್ನ ಪಕ್ಕ ಕೂತು ಮುಖ ತಿರುವಿದಳು; ನಾನು ಸಾವ್ಕಾರನ ಮಗಳಲ್ಲವೇ, ನನ್ನ ಮೇಲೂ ಸಿಟ್ಟು. ಪಾಟಿಚೀಲವನ್ನು ಬಿಚ್ಚಲೇ ಇಲ್ಲ. ಗುರುಗಳು ಗಣಿತ ಶುರು ಮಾಡಿದರು. ಮೋಡ ಸರಿದು ಬಿಸಿಲು ಬಿದ್ದಿತ್ತು, ಕೆಳಗೆ ಹೂ ಸವರುವ ಹೊತ್ತು. ಇಪ್ಪತ್ತು ಹೆಣ್ಣುಮಕ್ಕಳ ತಲೆ ಗಿಡದ ಮೇಲೆ ಸಾಲಾಗಿ ಕಾಣುತ್ತಿತ್ತು. ಮುಂದಿನ ಸಾಲು ಖಾಲಿ. ಎಲ್ಲರಿಗಿಂತ ಎತ್ತರದವಳು ಕಾಣುತ್ತಿಲ್ಲ. ಬರಲಾಗಲಿಲ್ಲವೇನೋ ಎಂದುಕೊಂಡೆ. ಶೇಖವ್ವನೂ ಅದನ್ನೇ ಅಂದುಕೊಂಡಿರಬೇಕು, ಕತ್ತು ಉದ್ದ ಮಾಡಿ ನೋಡಿದಳು.

ಆಮೇಲೆ ಕಂಡಳು. ಎರಡೂ ಮೊಣಕಾಲಿಗೆ ಗೋಣಿತಟ್ಟಿನ ತುಂಡು ಕಟ್ಟಿಕೊಂಡು ಚೌಡವ್ವ ಸಾಲಿನಲ್ಲಿ ಮೊಣಕಾಲೂರಿದ್ದಳು. ಬಾಗಲು ಆಗದ್ದಕ್ಕೆ ಅದು ಅವಳು ಕಂಡುಕೊಂಡ ದಾರಿ. ಒಂದು ಗಿಡ ಮುಗಿಸಿ, ಕೈ ನೆಲಕ್ಕೂರಿ, ಒಂದು ಮೊಣಕಾಲು ಮುಂದಿಟ್ಟು, ಇನ್ನೊಂದನ್ನು ಎಳೆದುಕೊಂಡು ಮುಂದಿನ ಗಿಡಕ್ಕೆ ಹೋಗುತ್ತಿದ್ದಳು. ಅವಳ ಮುಂದೆ ಸಾಲು ಬಾವಿಯತನಕ ಉದ್ದಕ್ಕೆ ಬಿದ್ದಿತ್ತು.

ಶೇಖವ್ವ ಎದ್ದು ನಿಂತಳು. ಗುರುಗಳು ಏನೆಂದು ಕೇಳಿದರು. ಏನಿಲ್ಲರಿ ಎಂದು ಕೂತಳು. ಪಾಟಿಚೀಲ ಬಿಚ್ಚಿ, ನನ್ನ ಗಣಿತದ ನೋಟುಬುಕ್ಕನ್ನು ಕೇಳದೆಯೇ ಎಳೆದುಕೊಂಡು, ತನಗೆ ತಪ್ಪಿದ ಆರು ದಿನದ ಪಾಠವನ್ನು ಬರೆದುಕೊಳ್ಳತೊಡಗಿದಳು. ಒತ್ತಿ ಒತ್ತಿ ಬರೆದಳು, ಹಾಳೆ ಎರಡು ಕಡೆ ಹರಿಯಿತು. ಗಂಟೆ ಬಾರಿಸಿ ಎಲ್ಲರೂ ಹೊರಗೆ ಹೋದರೂ ಅವಳು ತಲೆ ಎತ್ತಲಿಲ್ಲ.